ಒಂದೇ ಥಾನಿನ ಬಾವುಟಗಳು

“ಇವ್ರು ನಮ್ಮ ಕಾಕಾ ರೀ, ಮೇಡಂ,” ಎಂದು ಮಗಳು ಪ್ರೀತಿ ಹೇಳಿದಾಗ, ಸೂಗಪ್ಪ ತನ್ನ ಬೆನ್ನ ಹಿಂದೆ ಯಾರೋ ನಿಂತಿರಬೇಕೆಂದು ತಿರುಗಿ ನೋಡಿದ. ಯಾರೂ ಇರಲಿಲ್ಲ. ಕಲಬುರಗಿಯ ಕಾಲೇಜಿನ ಉದ್ದನೆಯ ಪಡಸಾಲೆ, ಗೋಡೆಯ ತುಂಬ ಅಂಟಿಸಿದ ಬಣ್ಣದ ಕಾಗದದ ಬಾವುಟಗಳು, ತುದಿಯಲ್ಲಿ ಸೋರುವ ನಲ್ಲಿ, ಅಷ್ಟೇ. ತಿರುಗಿಸಿದ ಕತ್ತನ್ನು ಮುಂದಕ್ಕೆ ತರುವಷ್ಟರಲ್ಲಿ ಅವನಿಗೆ ತಿಳಿಯಿತು, ಕಾಕಾ ಎಂದರೆ ತಾನೇ ಎಂದು. ಕಾಕಾ ಎಂದರೆ ಅಪ್ಪನ ತಮ್ಮ. ಅಂದರೆ ಇವಳಿಗೆ ಅಪ್ಪ ಬೇರೊಬ್ಬನಿದ್ದಾನೆ. ಆ ಬೇರೊಬ್ಬ ಯಾರೆಂದು ಹುಡುಕಲು ಅವನು ದೂರ ಹೋಗಬೇಕಾಗಿರಲಿಲ್ಲ. ಎದುರಿಗಿದ್ದ ಕುಲ್ಸುಮ್ ಮೇಡಮ್ಮೇ ಸಡಗರದಿಂದ ಬಾಯಿ ತೆರೆದಳು. “ಅಚ್ಛಾ! ಅದಕ್ಕೇ ನಾ ಆಗಿಂದ ನೋಡ್ಲಾಕತ್ತೀನಿ. ಥೇಟ್ ಯಶವಂತ ಸರ್ ನಿಂತಂಗೇ ನಿಂತೀರಿ. ಅದೇ ಮೂಗು, ಅದೇ ಹಣಿ. ಪ್ರೀತಿ, ನಿಮ್ಮ ಕಾಕಾ ಥೇಟ್ ನಿಮ್ಮ ಅಪ್ಪಾನ ಹಂಗೇ ಇದ್ದಾರಲ್ಲೇ! ಅರೇ, ಶರ್ಟ್ ಭೀ ಅದೇ!” ಎಂದು ನಕ್ಕಳು. “ನಾ ಸರ್ ಕಡಿ ಓದಿದಾಕಿ ರೀ. ಅವ್ರ ತಮ್ಮ ಅಂದ್ರ ನಮಗೂ ಕಾಕಾನೇ.”

ಸೂಗಪ್ಪನ ನಾಲಿಗೆಗೆ ಕಮಲಾಪುರದ ಬಸ್ ಸ್ಟ್ಯಾಂಡಿಗೆ ಸ್ಟ್ಯಾಂಡೇ ಹೆದರುತ್ತಿತ್ತು. ಹತ್ತು ಮಾರು ಮುಂದೆ ಹೋಗಿ ಬಸ್ಸು ನಿಲ್ಲಿಸಿದ ಡ್ರೈವರನಿಗೆ, ಬಾಳೆಹಣ್ಣನ್ನು ಹಿಸುಕಿ ನೋಡಿ ಹಾಗೇ ಇಟ್ಟು ಹೋದ ಕಾರಿನವರಿಗೆ, ಬೀಗರ ಪಂಕ್ತಿಯಲ್ಲಿ ಹಳಸಿದ ಪಲ್ಯ ಬಡಿಸಿದವರಿಗೆ ಅವನು ಮುಖದ ಮೇಲೇ ಹೇಳಿ ಬಂದವನು. ಮಾತನ್ನು ಬಾಯಲ್ಲಿಟ್ಟುಕೊಂಡು ಚೀಪುವವರನ್ನು ಕಂಡರೆ ಅವನಿಗೆ ಹೇಸಿಗೆ. ಈಗ ಅದೇ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಕೂತಿತ್ತು. ಪ್ರೀತಿ ಅವನ ಮುಖ ನೋಡದೆ, ಅವನ ಕೈಯಲ್ಲಿದ್ದ ಚೀಲವನ್ನು, ಚೀಲದೊಳಗಿನ ಕೆಂಪು ಬಾಳೆಹಣ್ಣಿನ ಗೊನೆಯನ್ನು ನೋಡುತ್ತಿದ್ದಳು. ಮೇಡಂ ಆ ಚೀಲವನ್ನೂ ತೆಗೆದುಕೊಂಡು, “ಕಮಲಾಪುರದ್ದಾ? ಬಹುತ್ ಅಚ್ಛಾ” ಎಂದು ಸ್ಟಾಫ್ ರೂಮಿಗೆ ಹೋದಳು. ಹಿಂದೆಯೇ ಪ್ರೀತಿ, ಕಾಗದಗಳನ್ನು ಎದೆಗವಚಿಕೊಂಡು, ಓಡಿದಂತೆ ನಡೆದಳು. ಹಿಂದಿನ ವಾರ ಫೋನಿನಲ್ಲಿ, “ಅಪ್ಪಾ, ನನ್ನ ಡಿಬೇಟ್ ಅದ, ನೀ ಬರಲೇಬೇಕು. ಬರ್ಲಿಲ್ಲಂದ್ರ ನಾ ಮಾತಾಡಂಗಿಲ್ಲ,” ಎಂದು ಅತ್ತವಳು ಇವಳೇ. ಅಳುವುದನ್ನು ಎಲ್ಲಿ ಕಲಿತಳೋ. ಕಾಲೇಜಿನಲ್ಲಿ ಇದನ್ನೂ ಕಲಿಸುತ್ತಾರೇನೋ.

ಅಷ್ಟರಲ್ಲಿ ಒಳಗಿನಿಂದ ಅಣ್ಣ ಯಶವಂತ ಬಂದ. ಭೂಗೋಳ ಕಲಿಸಿ ನಿವೃತ್ತನಾದವನು, ಇವತ್ತಿನ ಮುಖ್ಯ ಅತಿಥಿ. ಪ್ರೀತಿ ಓದಲು ಇದ್ದದ್ದು ಅವನ ಮನೆಯಲ್ಲೇ. ಮೈಮೇಲೆ ಅದೇ ತಿಳಿನೀಲಿ ಬಟ್ಟೆಯ, ಸಣ್ಣ ಬಿಳಿ ಗೆರೆಯ ಅಂಗಿ. ಹೋದ ತಿಂಗಳು ಮಹಾಗಾಂವದಲ್ಲಿ ತಂಗಿಯ ಮಗನ ಮದುವೆಯಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ಆಹೇರಿ ಎಂದು, ಮದುವೆಯ ಉಡುಗೊರೆಯಾಗಿ, ಒಂದೇ ಥಾನಿನಿಂದ, ಬಟ್ಟೆಯ ಒಂದೇ ಸುರುಳಿಯಿಂದ, ಹರಿದುಕೊಟ್ಟದ್ದು. ಅಣ್ಣ ಸೂಪರ್ ಮಾರ್ಕೆಟ್ಟಿನ ಟೇಲರನ ಹತ್ತಿರ ಹೊಲಿಸಿದ್ದ. ಕಾಲರು ನೆಟ್ಟಗೆ ನಿಂತಿತ್ತು. ಸೂಗಪ್ಪನದು ಕಮಲಾಪುರದ ಹೊಲಿಗೆ. ಕಾಲರು ಆಗಲೇ ಸೋತು ಮಲಗಿತ್ತು. “ಬಂದ್ಯಾ ಸೂಗ್ಯಾ? ಒಳಗ ಕುಂಡ್ರು ಹೋಗು,” ಎಂದ ಯಶವಂತ.

“ಅಣ್ಣಾ, ಆಕಿ ನನಗ ಕಾಕಾ ಅಂದಾಳ.”

ಯಶವಂತ ಅತ್ತಿತ್ತ ನೋಡಿ ದನಿ ಇಳಿಸಿದ. “ಮೊದಲ ದಿನ ನಾ ಕಾರಿನ್ಯಾಗ ಬಿಡ್ಲಾಕ ಬಂದಿದ್ದೆ. ಕುಲ್ಸುಮ್, ‘ಸರ್ ಮಗಳಾ?’ ಅಂದ್ಳು. ನಾ ನಕ್ಕೆ. ಇಷ್ಟೇ ಆದದ್ದು. ಅದು ಹಂಗೇ ನಡ್ಕೋತ ಬಂದದ. ಸರ್ ಮಗಳು ಅಂದ್ರ ನಾಕು ಮಂದಿ ನೋಡ್ತಾರ, ಹುಡುಗಿಗಿ ಚಲೋ ಆಗ್ತದ. ಅದ್ರಾಗ ನಿನಗೇನ್ ಹೋಗ್ತದ?”

“ನನಗೇನ್ ಹೋಗ್ತದ?”

“ಎಲ್ಲದಕ್ಕೂ ಉರೀಬ್ಯಾಡ. ಇದು ನಿನ್ನ ಬಾಳಿಹಣ್ಣಿನ ಅಂಗಡಿ ಅಲ್ಲ,” ಎಂದು ಭುಜ ತಟ್ಟಿ ವೇದಿಕೆಯ ಕಡೆ ಹೋದ. ಆ ಭುಜ ತಟ್ಟುವುದು ಅವನಿಗೆ ಎಲ್ಲರ ಮೇಲೂ ಅಭ್ಯಾಸ. ಕ್ಲಾಸಿನ ಕೊನೆಯ ಬೆಂಚಿನ ಹುಡುಗರಿಗೆ ತಟ್ಟಿದ ಕೈ.

ಸೂಗಪ್ಪ ಸಭಾಂಗಣದ ಕೊನೆಯ ಸಾಲಿನಲ್ಲಿ, ಒಂದು ಕಾಲು ಅಲುಗಾಡುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತ. ವೇದಿಕೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬ್ಯಾನರು: ಒಂದೇ ರೀತಿ ಕಾಣುವ ರಾಷ್ಟ್ರಧ್ವಜಗಳನ್ನು ಬದಲಿಸಿ ಪ್ರತಿ ದೇಶವೂ ತನ್ನ ಸ್ವಂತ ಗುರುತು ಪಡೆಯಬೇಕೆ? ಅವನು ಅದನ್ನು ಪೂರಾ ಓದಿ, ಥೂ ಎಂದುಕೊಂಡ. ಇವರಿಗೆ ಬೇರೆ ಕೆಲಸವಿಲ್ಲ. ಕುಸನೂರಿನ ರಸ್ತೆಯಲ್ಲಿ ಬಸ್ಸಿಳಿದು ಬರುವಾಗ ಗಟಾರದ ನೀರು ದಾಟಲು ಯಾರೋ ಇಟ್ಟಿದ್ದ ಕಲ್ಲಿನ ಮೇಲೆ ಕಾಲು ಜಾರಿ ಪ್ಯಾಂಟಿನ ಅಂಚು ತೊಯ್ದಿತ್ತು. ಆ ಗಟಾರದ ಮೇಲೊಂದು ಹಾಸುಗಲ್ಲು ಹಾಕಿಸುವ ಯೋಗ್ಯತೆ ಇಲ್ಲದ ಊರಿನವರು, ಯಾವುದೋ ಚಾಡ್ ಎಂಬ ದೇಶ ಬಾವುಟ ಬದಲಿಸಬೇಕೋ ರೊಮೇನಿಯಾ ಬದಲಿಸಬೇಕೋ ಎಂದು ಫ್ಯಾನಿನ ಕೆಳಗೆ ಕೂತು ತೀರ್ಮಾನ ಮಾಡುತ್ತಾರೆ. ಗೋಡೆಯ ಮೇಲೆ ಆ ಎರಡನ್ನೂ ಜೋಡಿಯಾಗಿ ಅಂಟಿಸಿದ್ದರು: ನೀಲಿ, ಹಳದಿ, ಕೆಂಪು, ಮತ್ತೆ ನೀಲಿ, ಹಳದಿ, ಕೆಂಪು. ಅಂಟಿಸಿದ ಹುಡುಗಿಯರಿಗೂ ಯಾವುದು ಯಾವುದೆಂದು ಮರೆತಿರಬೇಕು, ಕೆಳಗೆ ಬರೆದ ಹೆಸರನ್ನು ಹೊಡೆದುಹಾಕಿ ಅದಲುಬದಲು ಬರೆದಿದ್ದರು. ಅದರ ಪಕ್ಕದಲ್ಲಿ ಇಂಡೋನೇಷ್ಯಾ, ಮೊನಾಕೊ: ಮೇಲೆ ಕೆಂಪು, ಕೆಳಗೆ ಬಿಳಿ. ಅದನ್ನು ತಲೆಕೆಳಗೆ ಮಾಡಿದರೆ ಪೋಲೆಂಡ್ ಅಂತೆ. ಇಷ್ಟಕ್ಕೆ ಇಷ್ಟು ದೊಡ್ಡ ಬ್ಯಾನರು.

ಆದರೆ ಕಣ್ಣು ಆ ಜೋಡಿ ಬಾವುಟಗಳನ್ನು ಬಿಟ್ಟು ಬರಲೊಲ್ಲದಾಗಿತ್ತು. ಮಹಾಗಾಂವದ ಮನೆಯಲ್ಲಿ ತಾಯಿ ಭಾಗಮ್ಮ ಯುಗಾದಿಗೆ ಒಂದೇ ಥಾನು ತರಿಸುತ್ತಿದ್ದಳು. ಒಬ್ಬನಿಗೆ ಹೆಚ್ಚು, ಒಬ್ಬನಿಗೆ ಕಡಿಮೆ ಎಂದು ಯಾರೂ ಆಡಿಕೊಳ್ಳಬಾರದು ಎಂಬುದು ಅವಳ ನ್ಯಾಯ. ಮನೆಮನೆಯಲ್ಲೂ ಅದೇ ನ್ಯಾಯವಿತ್ತು. ಓಣಿಯಲ್ಲಿ ಯಾವ ಹುಡುಗ ಯಾರ ಮನೆಯವನೆಂದು ಅಂಗಿ ನೋಡಿಯೇ ಹೇಳಬಹುದಿತ್ತು. ಆದರೆ ಆ ನ್ಯಾಯದೊಳಗಿನ ಅನ್ಯಾಯ ಚಿಕ್ಕವನಾದವನಿಗೆ ಮಾತ್ರ ಗೊತ್ತು. ತನ್ನ ಅಂಗಿ ಗಿಡ್ಡವಾಗುವ ಹೊತ್ತಿಗೆ ಅಣ್ಣನ ಅಂಗಿಯೂ ಅಣ್ಣನಿಗೆ ಗಿಡ್ಡವಾಗುತ್ತಿತ್ತು, ಅದು ಇವನ ಮೈಗೇರುತ್ತಿತ್ತು. ಅದೇ ಬಣ್ಣ, ಅದೇ ಗೆರೆ, ಮೊಣಕೈಯಲ್ಲಿ ಅಣ್ಣ ಸವೆಸಿದ ತೂತು. ಊರೆಲ್ಲ ಬಟ್ಟೆ ಬದಲಿಸಿದರೂ ಇವನು ಮಾತ್ರ ಒಂದೇ ಅಂಗಿಯಲ್ಲಿ ಬೆಳೆದವನಂತೆ ಕಾಣುತ್ತಿದ್ದ. ಶಾಲೆಯಲ್ಲಿ ಮಾಸ್ತರರು ಹಾಜರಿ ಕೂಗುವಾಗಲೂ ಯಶವಂತನ ತಮ್ಮ ಎನ್ನುತ್ತಿದ್ದರು. ಏಳನೆಯ ತರಗತಿಗೆ ಶಾಲೆ ಬಿಟ್ಟದ್ದಕ್ಕೆ ಜನ ಏನೇನೋ ಕಾರಣ ಹೇಳಿದರು. ಅಸಲಿ ಕಾರಣ ಆ ಕೂಗು ಎಂದು ಅವನು ಹೆಂಡತಿ ಸುನಂದಾಳಿಗೂ ಹೇಳಿರಲಿಲ್ಲ. ಈಗ, ಐವತ್ತು ದಾಟಿದ ಮೇಲೆ, ಸ್ವಂತ ಮಗಳ ಬಾಯಿಂದ ಅದೇ ಹಾಜರಿ.

ಸಾಯಿಕುಮಾರ ಎಂಬ ಹುಡುಗ ಮೈಕಿನ ಮುಂದೆ ಬಂದು ಬದಲಿಸಬಾರದು ಎಂದು ವಾದಿಸಿದ. ಬಾವುಟ ಒಂದೇ ತರಹ ಇದೆ ಎಂದು ದೇಶ ಒಂದೇ ಆಗುವುದಿಲ್ಲ, ನ್ಯೂಜಿಲೆಂಡಿನವರಿಗೆ ತಮ್ಮ ಬಾವುಟ ಆಸ್ಟ್ರೇಲಿಯಾದ್ದರಂತೆ ಕಾಣುತ್ತದೆಂದು ಬೇಸರವಾಗಿ ಜನರ ಮುಂದೆ ಮತಕ್ಕೆ ಇಟ್ಟರು, ಆದರೆ ಜನ ಹಳೆಯದೇ ಸಾಕು ಎಂದರು, ಏಕೆಂದರೆ ಆ ಬಟ್ಟೆಯಲ್ಲಿ ಸತ್ತವರನ್ನು ಸುತ್ತಿದ್ದಾರೆ ಎಂದ. ಹುಡುಗನ ದನಿ ಒಡೆಯುತ್ತಿತ್ತು, ಬೆವರು ಒರೆಸಿಕೊಳ್ಳುತ್ತಿದ್ದ. ಚಪ್ಪಾಳೆ ಕಡಿಮೆ ಬಿತ್ತು. ಸೂಗಪ್ಪನಿಗೆ ಅವನ ಮೇಲೆ ಒಂದಿಷ್ಟು ಮೆಚ್ಚುಗೆಯಾಯಿತು, ಆದ ಕೂಡಲೇ ಅದೂ ಬೇಡವಾಯಿತು.

ಆಮೇಲೆ ಪ್ರೀತಿ ಬಂದಳು. ಕುಲ್ಸುಮ್ ಮೇಡಂ, “ನಮ್ಮೆಲ್ಲರ ಪ್ರೀತಿಯ ಯಶವಂತ ಸರ್ ಅವರ ಮಗಳು” ಎಂದು ಪರಿಚಯ ಮಾಡಿಕೊಟ್ಟಳು. ವೇದಿಕೆಯ ಮೇಲೆ ಯಶವಂತ ತಲೆ ಬಾಗಿಸಿದ, ವಿನಯದಿಂದ. ಮಕ್ಕಳಿಲ್ಲದವನ ಮುಖದ ಮೇಲೆ ಆಗ ಹರಡಿದ ಸುಖವನ್ನು ಸೂಗಪ್ಪ ನೋಡಿದ. ಕದ್ದ ಬೆಲ್ಲ ಬಾಯಲ್ಲಿಟ್ಟುಕೊಂಡ ಹುಡುಗನ ಸುಖ. ಕಳ್ಳ, ಎಂದುಕೊಂಡ. ಆದರೆ ತನ್ನದೇ ಮೂಗು, ತನ್ನದೇ ಹಣೆ ಅಷ್ಟು ಸುಖವಾಗಿ ಕಾಣುವುದನ್ನು ಅವನು ಯಾವ ಕನ್ನಡಿಯಲ್ಲೂ ನೋಡಿರಲಿಲ್ಲ.

“ಮಾನ್ಯರೇ,” ಎಂದಳು ಪ್ರೀತಿ, ಮನೆಯಲ್ಲಿ ಎಂದೂ ಆಡದ ಭಾಷೆಯಲ್ಲಿ. “ಹೈಟಿ ಮತ್ತು ಲಿಕ್ಟೆನ್‌ಸ್ಟೈನ್ ಎಂಬ ಎರಡು ದೇಶಗಳು ಬರ್ಲಿನ್ ಒಲಿಂಪಿಕ್ಸಿಗೆ ಬಂದವು. ಅಲ್ಲಿ ಎದುರುಬದುರು ಆದಾಗಲೇ ಅವರಿಗೆ ತಿಳಿದದ್ದು, ಇಬ್ಬರ ಕೈಯಲ್ಲೂ ಒಂದೇ ಬಾವುಟವಿದೆ ಎಂದು. ಮರುವರ್ಷ ಲಿಕ್ಟೆನ್‌ಸ್ಟೈನ್ ತನ್ನ ಬಾವುಟದ ಮೇಲೆ ಒಂದು ಕಿರೀಟ ಬರೆದುಕೊಂಡಿತು. ಸಣ್ಣ ದೇಶ. ಆದರೆ ನಾನು ನಾನೇ ಎಂದು ಹೇಳಲು ಅದು ನಾಚಲಿಲ್ಲ. ಇನ್ನೊಬ್ಬರ ಬಾವುಟದ ಕೆಳಗೆ ನಿಂತರೆ ನೆರಳು ಸಿಗಬಹುದು, ಹೆಸರು ಸಿಗುವುದಿಲ್ಲ.” ಸಭೆ ಚಪ್ಪಾಳೆ ತಟ್ಟಿತು. ಸೂಗಪ್ಪನ ಮೈ ಉರಿಯಿತು. ನೆರಳಂತೆ, ಹೆಸರಂತೆ. ಆ ಸಾಲನ್ನು ಬರೆದುಕೊಟ್ಟವನು ಯಶವಂತನೇ ಇರಬೇಕು, ರಾತ್ರಿ ಊಟವಾದ ಮೇಲೆ ಕನ್ನಡಕ ಏರಿಸಿ ಹೇಳಿಕೊಟ್ಟಿರಬೇಕು, ಇವಳು ಬಾಯಿಪಾಠ ಮಾಡಿರಬೇಕು. ಹೇಳುವವಳಿಗೂ ನಾಚಿಕೆಯಿಲ್ಲ, ಹೇಳಿಕೊಟ್ಟವನಿಗೂ ಇಲ್ಲ. ಅಂಗಡಿಗೆ ಹೆದ್ದಾರಿಯ ಕಾರುಗಳವರು ಬಂದು, ಇದು ಖರೇ ಕಮಲಾಪುರದ ಕೆಂಪು ಬಾಳೆಯೇನ್ರೀ ಎಂದು ಕೇಳುವುದು, ತಾನು ಹೌದು ಎನ್ನುವುದು, ಅದರಲ್ಲಿ ಅರ್ಧ ಹಣ್ಣು ದಕ್ಷಿಣದ ಕಡೆಯಿಂದ ಲಾರಿಯಲ್ಲಿ ಬಂದದ್ದಾಗಿರುವುದು, ಇದೆಲ್ಲ ಆ ಹೊತ್ತಿನಲ್ಲಿ ಯಾಕೆ ನೆನಪಾಯಿತೋ. ಬಣ್ಣ ಒಂದೇ, ಸಿಪ್ಪೆ ಒಂದೇ, ತಿಂದವನಿಗೆ ರುಚಿ ಗೊತ್ತಾಗುವ ಹೊತ್ತಿಗೆ ಕಾರು ಹುಮನಾಬಾದ ದಾಟಿರುತ್ತದೆ. ಅದು ವ್ಯಾಪಾರ, ಎಂದು ತನಗೇ ಗದರಿಕೊಂಡ. ಹಣ್ಣು ತನ್ನ ಅಪ್ಪನನ್ನು ಕಾಕಾ ಎನ್ನುವುದಿಲ್ಲ.

ಅವಳನ್ನು ಕಲಬುರಗಿಗೆ ಕಳಿಸುವುದೇ ಬೇಡ ಎಂದಿದ್ದ. “ನಿಮ್ಮ ಹಟಕ್ಕ ಹುಡುಗಿ ಬಾಳಿ ಎಲಿ ಸವರ್ಕೋತ ಕುಂಡ್ರಬೇಕೇನು?” ಎಂದು ಸುನಂದಾ ಮೂರು ದಿನ ಮಾತು ಬಿಟ್ಟಿದ್ದಳು. ಕಳಿಸಿದ ಮೇಲೆ ಒಂದು ಸಲವೂ ಅಣ್ಣನ ಮನೆಯ ಮೆಟ್ಟಿಲು ಹತ್ತಿರಲಿಲ್ಲ ಅವನು. ವಾರಕ್ಕೊಮ್ಮೆ ಬಸ್ಸಿನ ಕಂಡಕ್ಟರನ ಕೈಯಲ್ಲಿ ಹಣ್ಣು ಕಳಿಸುತ್ತಿದ್ದ. ಕಾಲೇಜಿನ ಪಾಲಕರ ಸಭೆಗಳಿಗೆ, ಅಣ್ಣ ಇದ್ದಾನಲ್ಲ ಎಂದು ತಾನೇ ಅಂದಿದ್ದ, ಒಮ್ಮೆಯಲ್ಲ, ಪ್ರತಿ ಸಲವೂ. ಆ ಮಾತಿನಲ್ಲಿ ಅಣ್ಣನ ಮೇಲಿನ ತಾತ್ಸಾರವಿತ್ತೆಂದು ಅವನು ತಿಳಿದಿದ್ದ. ತಾತ್ಸಾರದಿಂದ ಖಾಲಿ ಬಿಟ್ಟ ಕುರ್ಚಿಯಲ್ಲಿ ಇನ್ನೊಬ್ಬ ಕೂತಿದ್ದ, ಅಷ್ಟೇ.

ಮಾತು ಮುಗಿದ ಮೇಲೆ ಕುಲ್ಸುಮ್ ಮೇಡಂ, ಸಭಿಕರಲ್ಲಿ ಯಾರಾದರೂ ಭಾಷಣಕಾರರಿಗೆ ಪ್ರಶ್ನೆ ಕೇಳಬಹುದು ಎಂದಳು. ಸೂಗಪ್ಪ ಎದ್ದದ್ದು ಅವನಿಗೇ ಗೊತ್ತಾಗಲಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಸದ್ದಿಗೆ ಜನ ತಿರುಗಿದರು. ಯಾರೋ ಮೈಕು ತಂದು ಕೈಗಿತ್ತರು. ಇವತ್ತು ಮುಗಿಯಿತು, ಎಂದುಕೊಂಡ. ಈ ನಗುವ ಮೇಡಮ್ಮು, ತಲೆ ಬಾಗಿಸುವ ಅಣ್ಣ, ಕಾಗದದ ಬಾವುಟಗಳು, ಎಲ್ಲದರ ಮೇಲೆ ಉಗುಳಿ ಹೋಗುತ್ತೇನೆ. ಮಗಳನ್ನು ಕೈಹಿಡಿದು ಎಳೆದುಕೊಂಡು ಹೋಗಿ ಕಮಲಾಪುರದ ಬಸ್ಸು ಹತ್ತಿಸುತ್ತೇನೆ.

“ನನಗ ಡಿಬೇಟ್ ಗಿಬೇಟ್ ತಿಳ್ಯಂಗಿಲ್ಲ,” ಎಂದ. ದನಿ ಸಭಾಂಗಣ ತುಂಬಿತು. “ಒಂದು ಮಾತ ಕೇಳ್ತೀನಿ. ಒಂದು ದೇಶದಾಂವ ತನ್ನ ಬಾವುಟ ಬಿಟ್ಟು, ಹಂಗೇ ಕಾಣೋ ಇನ್ನೊಂದು ದೇಶದ ಬಾವುಟ ಹಿಡ್ಕೊಂಡು ನಿಂತ್ರ, ಅದು ಬಾವುಟದ ತಪ್ಪೋ, ಹಿಡ್ದಾಂವನ ತಪ್ಪೋ?”

ಹುಡುಗರು ಹೋ ಎಂದು ಕೂಗಿದರು. “ಕ್ಯಾ ಸವಾಲ್ ಹೈ!” ಎಂದಳು ಕುಲ್ಸುಮ್ ಮೇಡಂ. “ಆದ್ರ ಕೇಳೋರು ಮೊದಲ ತಮ್ಮ ಪರಿಚಯ ಹೇಳ್ಬೇಕ್ರೀ. ನಿಯಮ ಅದ. ನೀವು ಯಾರಂತ ಸಭಾಕ್ಕ ಹೇಳ್ರಿ.”

ಬಾಯಿ ತೆರೆದೇ ಇತ್ತು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲಿತ್ತು. ಅಣ್ಣನ ಕಡೆ ನೋಡಿದ. ಯಶವಂತ ನೀರಿನ ಬಾಟಲಿಯ ಕಾಗದವನ್ನು ಉಗುರಿನಿಂದ ಸುಲಿಯುತ್ತಿದ್ದ. ಪ್ರೀತಿ ಮೈಕಿನ ಕಂಬವನ್ನು ಎರಡೂ ಕೈಯಿಂದ ಹಿಡಿದುಕೊಂಡು, ಬಂದಾಗಿನಿಂದ ಮೊದಲ ಸಲ ಅವನ ಕಣ್ಣಿಗೆ ಕಣ್ಣು ಕೊಟ್ಟು ನೋಡುತ್ತಿದ್ದಳು. ಕಣ್ಣು ಅಗಲವಾಗಿದ್ದವು. ಹೆದರಿದ್ದಾಳೆ, ಎಂದುಕೊಂಡ ಅವನು. ಬೇಡ ಎನ್ನುತ್ತಿದ್ದಾಳೆ. ಹಾಗೆ ಅಂದುಕೊಂಡ ಗಳಿಗೆಯಲ್ಲೇ ಒಳಗಿನ ಉರಿ ಎಲ್ಲಿಗೋ ಇಳಿದುಹೋಯಿತು. ಕೈಯಲ್ಲಿ ಬೆವೆತ ಮೈಕು, ತೊಯ್ದ ಪ್ಯಾಂಟು, ಮಲಗಿದ ಕಾಲರು ಮಾತ್ರ ಉಳಿದವು. ಇಷ್ಟು ಜನರ ಮುಂದೆ ಇವಳ ಅಪ್ಪ ಯಾರೆಂದು ಹೇಳುವುದಕ್ಕೆ ಈ ಪ್ಯಾಂಟು ಸಾಲದು ಎನ್ನಿಸಿತು.

“ನಾ ಪ್ರೀತಿ ಕಾಕಾ,” ಎಂದ.

ಜನ ನಕ್ಕು ಚಪ್ಪಾಳೆ ತಟ್ಟಿದರು. ಪ್ರೀತಿಯ ಹೆಗಲು ಕೆಳಗಿಳಿಯಿತು, ಬಾಯಿಂದ ದೊಡ್ಡ ಉಸಿರೊಂದು ಹೊರಬಿತ್ತು. ಪಾರಾದೆ ಎಂದುಕೊಂಡಳು, ಎಂದು ಸೂಗಪ್ಪ ಹಲ್ಲು ಕಚ್ಚಿದ. “ಹಿಡಿದವರ ತಪ್ಪು,” ಎಂದಷ್ಟೇ ಹೇಳಿ ಅವಳು ಹೋಗಿ ಕೂತಳು. ಉತ್ತರ ಬಹಳ ಚಿಕ್ಕದಾಯಿತೆಂದು ತೀರ್ಪುಗಾರರು ಮುಖ ನೋಡಿಕೊಂಡರು.

ಅವನು ಹೊರಗೆ ಬಂದ. ಗೇಟಿನ ಹತ್ತಿರದ ಬೇವಿನ ಗಿಡದ ಕೆಳಗೆ ನಿಂತು, ಒಳಗಿನವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬೈಯಲು ಹೊರಟ. ಬೈಗುಳ ಬರಲಿಲ್ಲ. ಬಂದದ್ದು ಪ್ರೀತಿ, ಚಪ್ಪಲಿ ಬಡಿಯುತ್ತ, ಓಡಿ.

“ಯಾಕ ಹಂಗಂದಿ?” ಎಂದಳು.

“ನೀ ಏನಂದಿದ್ದಿ ನನಗ? ಪಡಸಾಲ್ಯಾಗ ಏನಂದಿ?”

“ನಾ ಅಂಜಿ ಅಂದೀನಿ. ಒಂದು ವರ್ಷದಿಂದ ಅಂಜ್ಕೋತ, ಅನ್ಕೋತ ಬಂದೀನಿ. ಮೊದಲ ದಿನ ಬಾಯಿ ಮುಚ್ಕೊಂಡು ನಿಂತೆ, ಆಮ್ಯಾಲ ಬಿಡಿಸ್ಕೊಳ್ಳಾಕ ಬರ್ಲಿಲ್ಲ. ನೀ ಯಾಕಂದಿ? ನಿನಗ ಯಾರ ಅಂಜಿಕಿ ಅದ?”

“ನಿನ್ನ ಮಾರಿ ನೋಡ್ದೆ. ಬ್ಯಾಡ ಅಂದಂಗ…”

“ಬ್ಯಾಡ ಅಂತ ಯಾರಂದ್ರು?” ಅವಳ ಮೂಗಿನ ಹೊಳ್ಳೆ ಅರಳಿದವು. ಈ ಸಿಟ್ಟು ಯಶವಂತನ ಮನೆಯಲ್ಲಿ ಸಿಗುವಂಥದ್ದಲ್ಲ. “ನೀ ಒದರ್ತಿ ಅಂತ ಕಾಯ್ಕೋತ ನಿಂತಿದ್ದೆ ಅಪ್ಪಾ. ಅದಕ್ಕೇ ಅತ್ತು ಕರ್ದೀನಿ ನಿನಗ. ನನಗ ಹೇಳಾಕ ಆಗಂಗಿಲ್ಲ, ದೊಡ್ಡಪ್ಪ ಹೇಳಂಗಿಲ್ಲ. ನಮ್ಮಪ್ಪ ಬರ್ತಾನ, ಒಂದು ಮಾತ ಅಂದ್ರ ಎದ್ದು ನಿಂತು ಮಾನ ಕಳೀತಾನ, ಅಲ್ಲಿಗೆ ಇದು ಮುಗೀತದ ಅಂತ ಅನ್ಕೊಂಡಿದ್ದೆ. ನೀ ಎದ್ದು ನಿಂತಾಗ ಖುಷಿ ಆಯ್ತು ನನಗ. ಜಗತ್ತಿಗೆಲ್ಲಾ ಬೈತಿ. ಬಸ್ಸಿನವ್ರಿಗಿ ಬೈತಿ, ಬೀಗರಿಗಿ ಬೈತಿ. ನನಗೊಂದು ಬೈಲಾಕ ಬರ್ಲಿಲ್ಲೇನು ನಿನಗ? ಇವತ್ತೇ ಶಾಣ್ಯಾ ಆಗ್ಬೇಕಾಗಿತ್ತಾ?”

“ಈಗ ಹೋಗಿ ಹೇಳೋಣು ನಡಿ.”

“ಏನಂತ? ಇಷ್ಟು ಮಂದಿ ಮುಂದ ಮೈಕ್‌ನ್ಯಾಗ ನೀನೇ ಹೇಳೀದಿ. ಈಗ ನಾ ಖರೇ ಹೇಳಿದ್ರ ನೀ ಸುಳ್ಳ ಆಗ್ತಿ. ನನ್ನ ಸುಳ್ಳಿಗಿ ನೀ ಸಾಕ್ಷಿ ಹೇಳಿ ಬಂದಿ.” ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ಕೊಳೆತ ಹಣ್ಣನ್ನು ತಿರುಗಿಸಿ ನೋಡುವಂತೆ. “ನಾನರೆ ಸಣ್ಣಾಕಿ. ನೀ?” ಎಂದಳು.

ಒಳಗಿನಿಂದ ಧ್ವನಿವರ್ಧಕದಲ್ಲಿ ಬಹುಮಾನದ ಹೆಸರುಗಳನ್ನು ಕೂಗತೊಡಗಿದರು. ಮೊದಲನೆಯದು ಸಾಯಿಕುಮಾರನಿಗೆ ಹೋಯಿತು. ಎರಡನೆಯದು, “ಕುಮಾರಿ ಪ್ರೀತಿ, ನಮ್ಮ ಯಶವಂತ ಸರ್ ಅವರ ಸುಪುತ್ರಿ” ಎಂದು ಕುಲ್ಸುಮ್ ಮೇಡಂ ರಾಗ ಎಳೆದಳು. ಪ್ರೀತಿ ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಂಡಳು. ಒಳಗೆ ಹೋದಳು. ಅವಳ ನಡಿಗೆಯನ್ನು ಅವನು ನೋಡಿದ. ಎಡಗಾಲು ಒಂದಿಷ್ಟು ಹೊರಕ್ಕೆ ಹಾಕಿ, ನೆಲದ ಮೇಲೆ ಸಿಟ್ಟಿರುವವರ ಹಾಗೆ ನಡೆಯುವ ನಡಿಗೆ. ಅದು ಯಶವಂತನದಲ್ಲ. ಅದು ಈ ಭೂಮಿಯ ಮೇಲೆ ಒಬ್ಬನದೇ. ಅದನ್ನು ಈ ಇಡೀ ಕಾಲೇಜಿನಲ್ಲಿ ಯಾವ ಕಣ್ಣೂ ನೋಡಿಲ್ಲ ಎಂದರೆ ಇವರು ಏನು ಕಲಿಸುತ್ತಾರೆ, ಏನು ಕಲಿಯುತ್ತಾರೆ.

ಕಾಲೇಜಿನ ವಾಚಮನ್ ಮಾಪಣ್ಣ, ಚಹಾದ ಕಪ್ಪು ಹಿಡಿದು ಗೇಟಿನ ಹತ್ತಿರ ಬಂದವನು, ಸೂಗಪ್ಪನನ್ನು ಕಂಡು ಗಡಬಡಿಸಿ ಕಪ್ಪನ್ನು ಬೆನ್ನ ಹಿಂದೆ ಮರೆಮಾಡಿದ. ಒಳಗೆ ಚಪ್ಪಾಳೆ ಏರಿತು. ಆಗ ಬಂತು ಸಿಟ್ಟು, ಬರಬೇಕಾದ ಹೊತ್ತಿಗೆ ಬಾರದ್ದು, ಕುತ್ತಿಗೆಯ ನರ ಉಬ್ಬಿಸಿಕೊಂಡು, ಬೇವಿನ ಗಿಡದ ಗುಬ್ಬಿಗಳು ಹಾರಿಹೋಗುವಂತೆ.

“ನಾ ಆ ಹುಡುಗಿ ಅಪ್ಪ ಇದ್ದೀನಿ!” ಎಂದು ಒದರಿದ ಸೂಗಪ್ಪ. “ತಿಳೀತೇನು? ಒಳಗ ಹೆಸರು ಕೂಗ್ಲಾಕತ್ತಾರಲ್ಲ, ಆ ಪ್ರೀತಿ ಅಪ್ಪ ನಾನು! ನಾನೇ!”

ಮಾಪಣ್ಣ ಎರಡು ಹೆಜ್ಜೆ ಹಿಂದೆ ಸರಿದು ಕೈಮುಗಿದ.

“ಹೌದ್ರೀ ಸರ್. ನಮಗ ಗೊತ್ತಿಲ್ಲೇನ್ರೀ? ದಿನಾ ನೋಡಂಗಿಲ್ಲಾ?” ಎಂದ. “ಕಾರ್ ಈ ಕಡಿ ತರ್ಲೇನ್ರೀ ಯಶವಂತ ಸರ್?”